ಹಂಚಿನ ಕೆಳಗಿನ ಸಭೆ

ಹೋದ ವರ್ಷ ನಮ್ಮ ಸಭೆಯ ವಾರ್ಷಿಕ ಕೂಟದಲ್ಲಿ ಖಜಾಂಚಿ ಆಯವ್ಯಯ ಓದುತ್ತಿದ್ದಾಗ ಹಿರಿಯರೊಬ್ಬರು ಎದ್ದು, ‘ಸುವಾರ್ತೆಗೆ ಎಷ್ಟು ಇಟ್ಟಿದ್ದೀರಿ?’ ಎಂದು ಕೇಳಿದರು. ಹಾಳೆ ಮಗುಚಿ ಹೇಳಿದ ಮೊತ್ತ ಕ್ರಿಸ್ಮಸ್ ದೀಪಾಲಂಕಾರದ ಮೊತ್ತಕ್ಕಿಂತ ಕಡಿಮೆಯಿತ್ತು. ‘ಒಂದು ಕಾಲಕ್ಕೆ ನಮ್ಮ ಸಭೆ ಇದ್ದದ್ದೇ ಅದಕ್ಕಾಗಿ. ಈಗ ಅದು ಲೆಕ್ಕದ ಒಂದು ಸಾಲು’ ಎಂದು ಅವರು ಕುಳಿತರು. ಯಾರೂ ಉತ್ತರಿಸಲಿಲ್ಲ. ನಾನೂ ಸುಮ್ಮನಿದ್ದೆ. ಆದರೆ ಆ ‘ಒಂದು ಕಾಲ’ ಹೇಗಿತ್ತು ಎಂಬ ಪ್ರಶ್ನೆ ನನ್ನ ಜತೆ ಮನೆಗೆ ಬಂತು.

ನಮ್ಮದು ಬಾಸೆಲ್ ಮಿಶನ್ ಪರಂಪರೆಯ ಸಭೆ. 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿದ ಈ ಮಿಶನ್ನಿಗೆ ಆಳು ಕಾಳು ಎರಡೂ ಬಂದದ್ದು ಹೆಚ್ಚಾಗಿ ನೆರೆಯ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಿಂದ. ಅಲ್ಲಿಯ ಭಕ್ತರಿಗೆ ಭಾನುವಾರದ ಆರಾಧನೆಯಷ್ಟೇ ಸಾಲುತ್ತಿರಲಿಲ್ಲ. ಮನೆಗಳಲ್ಲಿ ಸೇರಿ ಬೈಬಲ್ ಓದುವುದು, ದೂರದ ದೇಶಗಳಲ್ಲಿ ಸುವಾರ್ತೆ ಸಾರುವವರಿಗಾಗಿ ಪ್ರಾರ್ಥಿಸುವುದು ಅವರ ದಿನಚರಿಯೇ ಆಗಿತ್ತು. ಮುಂದೆ ವಾರಕ್ಕೊಂದು ಚಿಕ್ಕ ನಾಣ್ಯ ಕೂಡಿಸುವ ಪದ್ಧತಿಯೂ ಬಂತು. ರೈತರು, ಕೈಕಸುಬಿನವರು ಕೊಟ್ಟ ಚಿಲ್ಲರೆಯಿಂದ ಹಡಗಿನ ಖರ್ಚು ಹುಟ್ಟಿತು. ಸುವಾರ್ತೆ ಒಂದು ಸಭೆಯ ನಡುಮನೆಯಲ್ಲಿ ಇರುವುದೆಂದರೆ ಹೀಗೆ ಇರಬೇಕು: ಒಬ್ಬರ ಕೆಲಸವಲ್ಲ, ಎಲ್ಲರ ವಾರದ ಲೆಕ್ಕ.

1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಶನರಿಗಳಿಗೂ ಕಂಪನಿಯ ಸೀಮೆಯ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅವರಿಗೆ ಬೇಕಿದ್ದದ್ದು ಮಾತು. ಕನ್ನಡ ಕಲಿತರು. ಗ್ರೈನರ್ ತುಳು ಹಿಡಿದರು. ಯಾಕೆಂದರೆ ಸುತ್ತಲಿನ ಜನರ ಅಡುಗೆಮನೆಯ ಮಾತು ಅದು. 1840ರ ದಶಕದಲ್ಲಿ ತುಳುವಿನಲ್ಲಿ ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ನಮ್ಮ ಮನೆಯಲ್ಲಿ ಈಗಲೂ ಊಟದ ಪ್ರಾರ್ಥನೆ ತುಳುವಿನಲ್ಲೇ. ದೇವರು ತನ್ನ ತಾಯಿಯ ಮಾತಿನಲ್ಲಿ ಮಾತಾಡಿದ್ದನ್ನು ಮೊದಲ ಸಲ ಕೇಳಿದವನಿಗೆ ಏನನಿಸಿತ್ತೋ, ಅದನ್ನು ನಾನು ಹಗುರಾಗಿ ಕಾಣಲಾರೆ.

ಮಳೆ ನಿಂತ ಮೇಲೆ ಮಿಶನರಿಗಳು ಉಪದೇಶಿಗಳನ್ನು ಕಟ್ಟಿಕೊಂಡು ಸಂತೆ, ಜಾತ್ರೆ ಸುತ್ತುತ್ತಿದ್ದರು. ಹೆಬಿಕ್ ಕಣ್ಣೂರಿಗೆ ಹೋದ ಮೇಲೆ ಪಯ್ಯಾವೂರು, ತಳಿಪರಂಬದ ಉತ್ಸವಗಳ ನಡುವೆ ನಿಂತು ಪ್ರಸಂಗ ಮಾಡುತ್ತಿದ್ದರು. ಆ ಪ್ರಸಂಗಗಳಲ್ಲಿ ಎಲ್ಲವೂ ಪ್ರೀತಿಯ ಮಾತೇ ಆಗಿರಲಿಲ್ಲ. ಜನ ಹರಕೆ ಹೊತ್ತು ಬಂದ ಜಾಗದಲ್ಲೇ ಅವರ ದೇವರನ್ನೂ ಭೂತಗಳನ್ನೂ ಸುಳ್ಳೆಂದು ಹಳಿಯುವುದಿತ್ತು. ಅದಕ್ಕೆ ಬೈಗುಳದ, ಮಣ್ಣುಹೆಂಟೆಯ ಉತ್ತರವೂ ಸಿಗುತ್ತಿತ್ತು. ‘ಆ ಕಾಲ’ವನ್ನು ನೆನೆಯುವಾಗ ಇದನ್ನು ಬಿಟ್ಟು ನೆನೆಯುವುದು ಸರಿಯಲ್ಲ.

ಕೇಳಿ ಒಪ್ಪಿದವನ ಪಾಡು ಇನ್ನೊಂದು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಅಲ್ಲೋಲಕಲ್ಲೋಲವಾಯಿತು. ಅವರಿಗೆ ಓದಿತ್ತು, ಮೋಗ್ಲಿಂಗರ ಜತೆ ಯುರೋಪಿಗೆ ಹೋಗಿ, ಬಾಸೆಲ್‌ನಲ್ಲಿ ಕಲಿತು, 1851ರಲ್ಲಿ ಮಿಶನರಿಯಾಗಿಯೇ ಮರಳಿದರು. ಆದರೆ ಸಭೆಗೆ ಸೇರಿದವರಲ್ಲಿ ಬಹುಪಾಲು ಬಿಲ್ಲವರು. ನನ್ನ ಅಜ್ಜನ ಅಜ್ಜ ಅವರಲ್ಲೊಬ್ಬ, ಶೇಂದಿ ಇಳಿಸುವವನು. ಮಿಶನ್ನಿನ ಕಟ್ಟಳೆ ಪ್ರಕಾರ ಕ್ರೈಸ್ತನಾದವನು ಶೇಂದಿ ಇಳಿಸುವಂತಿಲ್ಲ. ಹಾಗಾಗಿ ಒಂದೇ ದಿನ ಅವನ ಕುಟುಂಬವೂ ಹೋಯಿತು, ಕಸುಬೂ ಹೋಯಿತು. ಮತ ಬದಲಿಸಿದವನ ಆಸ್ತಿ ಹಕ್ಕು ತಪ್ಪಬಾರದೆಂದು 1850ರಲ್ಲಿ ಸರಕಾರ ಕಾಯ್ದೆ ಮಾಡಿತ್ತು ನಿಜ. ಆದರೆ ಅಳಿಯಕಟ್ಟಿನ ಕೂಡುಮನೆಯ ಪಂಕ್ತಿಯಲ್ಲಿ ಎಲೆ ಹಾಕಿಸುವ ಕಾಯ್ದೆ ಯಾವ ಸರಕಾರದ ಕೈಯಲ್ಲೂ ಇಲ್ಲ. ಅವನು ಸತ್ತಾಗ ಹುಟ್ಟಿದ ಮನೆಯ ಕಡೆಯಿಂದ ಒಂದು ಜೀವವೂ ಬರಲಿಲ್ಲವೆಂದು ನಮ್ಮಲ್ಲಿ ಹೇಳುತ್ತಾರೆ. ಅವನ ಕತ್ತಿ ಮಾತ್ರ ಬಹಳ ಕಾಲ ಅಟ್ಟದ ಮೇಲಿತ್ತು. ತಾಳೆಮರ ಕಾಣದ ಕತ್ತಿ.

ಸುವಾರ್ತೆ ಸಾರಿದವರಿಗೆ ಆಗ ಎದುರಾದದ್ದು ಧರ್ಮಶಾಸ್ತ್ರದ ಪ್ರಶ್ನೆಯಲ್ಲ, ಗಂಜಿಯ ಪ್ರಶ್ನೆ. ಕರೆದ ಮೇಲೆ ಉಣ್ಣಿಸಬೇಡವೇ? ಹಲವು ಕಸುಬು ಹಚ್ಚಿ ನೋಡಿದರು. ನೇಯ್ಗೆ ನಿಂತಿತು, 1850ರ ಸುಮಾರಿಗೆ ಹಾಲರ್ ಯುರೋಪಿನ ಮಾದರಿಯ ಮಗ್ಗಗಳನ್ನು ತಂದು ಅದನ್ನು ಗಟ್ಟಿ ಮಾಡಿದರು. ಖಾಕಿ ಬಣ್ಣದ ಬಟ್ಟೆಯ ಹೆಸರೂ ಅವರಿಗೇ ಅಂಟಿಕೊಂಡಿದೆ. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ದಂಡೆಯ ಜೇಡಿ, ನೀರಿನ ದಾರಿಯಲ್ಲಿ ಬರುವ ಕಟ್ಟಿಗೆ, ಹತ್ತಿರದಲ್ಲೇ ಬಂದರು; ಮಂಗಳೂರು ಹಂಚು ಸಮುದ್ರ ದಾಟಿತು. ಅಜ್ಜನ ಅಜ್ಜ ಅಲ್ಲಿ ಮಣ್ಣು ಮಿದಿಯುವ ಕೆಲಸಕ್ಕೆ ಸೇರಿದ.

ಹೀಗೆ ಪ್ರಸಂಗದ ಸುತ್ತ ಕಟ್ಟಿದ ಸಭೆ ಕ್ರಮೇಣ ಕಾರ್ಖಾನೆಯ ಗಂಟೆಯ ಸುತ್ತ ಬದುಕತೊಡಗಿತು. ಇದು ಯಾರ ಕುತಂತ್ರವೂ ಅಲ್ಲ. ಹೊಟ್ಟೆಯ ದಾರಿಯೇ ಹಾಗೆ. ಆದರೆ ಒಂದು ಪರಿಣಾಮವಾಯಿತು. ಕಾರ್ಖಾನೆಯ ಧಣಿಗಳೂ ಸಭೆಯ ಗುರುಗಳೂ ಒಂದೇ ಮಿಶನ್ನಿನವರು. ಸಾರುವುದು ಮಿಶನರಿಯ, ಸಂಬಳದ ಉಪದೇಶಿಯ ಪಾಲಿಗೆ ಹೋಯಿತು. ಉಳಿದವರು ದುಡಿದರು, ಹಾಡಿದರು, ಶಿಸ್ತಾಗಿ ಬಾಳಿದರು. ವ್ಯುರ್ಟೆಂಬರ್ಗಿನ ರೈತನ ಚಿಕ್ಕ ನಾಣ್ಯ ಇಲ್ಲಿಗೆ ಬಂದಿತ್ತು. ಆ ನಾಣ್ಯ ಕೊಡುವ ಅಭ್ಯಾಸ ಅಷ್ಟಾಗಿ ಬರಲಿಲ್ಲ ಎಂದು ನನಗೆ ತೋರುತ್ತದೆ. 1914ರಲ್ಲಿ ಯುದ್ಧ ಬಂದು, ಜರ್ಮನ್ ಮಿಶನರಿಗಳನ್ನು ಬಂಧಿಸಿ ಕಳಿಸಿ, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದಾಗ, ಸಭೆ ಒಮ್ಮೆಗೇ ತನ್ನ ಕಾಲ ಮೇಲೆ ನಿಲ್ಲಬೇಕಾಯಿತು. ನಿಂತಿತು. ಬಾಗಿಲು ಮುಚ್ಚದೆ ಉಳಿಸಿಕೊಂಡರು. ಆದರೆ ನಿಲ್ಲುವುದರಲ್ಲೇ ಶಕ್ತಿ ಹೋಯಿತು.

ಇನ್ನೊಂದು ವಿಚಿತ್ರ. ಇಂದು ಕನ್ನಡಿಗರೆಲ್ಲ ನೆನೆಯುವುದು ಸಾರುವ ಕೆಲಸದ ಪಕ್ಕದಲ್ಲಿ ಬೆಳೆದದ್ದನ್ನು. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕಿಟೆಲ್ ನಿಘಂಟು 1894ರಲ್ಲಿ ಬಂತು, ಸುಮಾರು 70,000 ಪದಗಳೊಡನೆ. ಕಿಟೆಲರ ಈ ಒಲವು ಸಹೋದ್ಯೋಗಿಗಳಲ್ಲಿ ಹಲವರಿಗೆ ಹಿಡಿಸಿರಲಿಲ್ಲ; ಬಂದ ಕೆಲಸ ಬಿಟ್ಟು ಪದ ಆಯುತ್ತಿದ್ದಾರೆ ಎಂಬ ಅಸಮಾಧಾನ. ಆದರೆ ಪದ ಆಯಲು ಜನರ ಬಾಯಿಯ ಹತ್ತಿರ ಕಿವಿ ಇಡಬೇಕು. ಜಾತ್ರೆಯಲ್ಲಿ ನಿಂತು ಕೂಗಿದವರಿಗಿಂತ ಹೀಗೆ ಕೇಳಿಸಿಕೊಂಡವರು ಊರಿಗೆ ಹತ್ತಿರದವರಾದರು.

ಇಷ್ಟನ್ನು ತಿಳಿದ ಮೇಲೆ ಒಂದು ಸಂಜೆ ಆ ಹಿರಿಯರ ಮನೆಗೆ ಹೋದೆ. ಎಲ್ಲ ಹೇಳಿದೆ. ‘ಹಾಗಾದರೆ ಸಾರುವುದು ಬೇಡ ಎನ್ನುತ್ತೀಯಾ?’ ಎಂದರು. ಹಾಗಲ್ಲ ಎಂದೆ. ಲೆಕ್ಕದ ಆ ಸಾಲನ್ನು ದೊಡ್ಡದು ಮಾಡಿದರೆ ಇನ್ನೊಬ್ಬ ಉಪದೇಶಿಗೆ ಸಂಬಳ ಸಿಕ್ಕೀತು, ನಾವು ಮತ್ತೆ ಸುಮ್ಮನೆ ಕುಳಿತೇವು. ನಮ್ಮ ಅಕ್ಕಪಕ್ಕದಲ್ಲಿ ಮನೆಯವರು ಕೈಬಿಟ್ಟವರು, ಕಸುಬು ಕಳೆದುಕೊಂಡವರು ಇದ್ದಾರೆ. ಅವರು ಯಾವ ದೇವರಿಗೆ ಕೈಮುಗಿದರೂ ಸರಿ, ಮೊದಲು ಅವರ ಮಾತು ಕೇಳಿಸಿಕೊಳ್ಳಲು ಸಭೆಯ ಪ್ರತಿ ಮನೆಯಿಂದ ಒಬ್ಬರು ಹೊರಡಲಿ. ನಮ್ಮನ್ನು ಯಾಕೆ ಬಂದಿರಿ ಎಂದು ಅವರೇ ಕೇಳಿದರೆ ಆಗ ಹೇಳೋಣ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಅವರ ಚಾವಡಿಯ ಮಾಡಿನ ಒಂದು ಹಂಚು ಸರಿದು ಬೆಳಕಿನ ಕೋಲು ಬಿದ್ದಿತ್ತು. ಕೊನೆಗೆ, ‘ಮೊದಲ ಮನೆ ಯಾವುದು, ನೀನೇ ಹೇಳು’ ಎಂದರು. ಅಜ್ಜನ ಅಜ್ಜ ಹುಟ್ಟಿದ ಕೂಡುಮನೆ ಈಗಲೂ ಇದೆ, ನಮ್ಮಲ್ಲಿಂದ ನಾಲ್ಕೇ ಮೈಲಿ. ನಮ್ಮವರು ಯಾರೂ ಅತ್ತ ಹೋದದ್ದಿಲ್ಲ. ಅದರ ಹೆಸರು ಹೇಳಿದೆ.