ಮಸ್ಟರ್ ರೋಲಿನ ತುಳಸಜ್ಜಿ

ಅಂಕೋಲೆಯಿಂದ ಹುಬ್ಬಳ್ಳಿ ಬಸ್ಸು ಹತ್ತಿ ಘಟ್ಟದ ಕಡೆ ಹೋಗುವಾಗ ಕಾಣುವ ಕಾಡೆಲ್ಲ ತಾನಾಗಿ ಹುಟ್ಟಿದ್ದಲ್ಲ. ಬ್ರಿಟಿಷರು ತೇಗದ ಹಿಂದೆ ಬಿದ್ದ ಮೇಲೆ ಕಾಡಿಗೊಂದು ಇಲಾಖೆ ಬಂತು, ಇಲಾಖೆಗೆ ನರ್ಸರಿ ಬಂತು, ನರ್ಸರಿಗೆ ಕೂಲಿ ಹೆಂಗಸರು ಬಂದರು. ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ತುಳಸಿ ಗೌಡ ಅವರಲ್ಲೊಬ್ಬರು. ಎರಡು ವರ್ಷದವಳಿದ್ದಾಗ ತಂದೆ ತೀರಿಕೊಂಡರು; ಶಾಲೆಯ ಮೆಟ್ಟಿಲು ಹತ್ತಲಿಲ್ಲ; ತಾಯಿಯ ಬೆನ್ನಿಗೆ ನರ್ಸರಿಗೆ ಹೋದ ಹುಡುಗಿ ಅಲ್ಲೇ ಮುದುಕಿಯಾದಳು.

ಗಿಡ ಬೆಳೆಸುವುದನ್ನು ಪೇಟೆಯವರು ಪುಣ್ಯದ ಕೆಲಸ ಅನ್ನುತ್ತಾರೆ. ನಮ್ಮ ಕಡೆ ಅದು ದಿನಗೂಲಿ. ಸಸಿಯ ಕೊಟ್ಟೆಗೆ ಮಣ್ಣು ತುಂಬಬೇಕು, ಕಳೆ ಕೀಳಬೇಕು, ಬೇಸಿಗೆಯಲ್ಲಿ ನೀರು ಹೊರಬೇಕು. ಅದೆಲ್ಲ ಯಾರಾದರೂ ಕಲಿತಾರು. ಬೀಜದ ವಿಷಯ ಹಾಗಲ್ಲ. ತೇಗದ ಬೀಜದ ಸಿಪ್ಪೆ ಗಟ್ಟಿ. ನೆನೆಸಿ, ಒಣಗಿಸಿ, ಮತ್ತೆ ನೆನೆಸಿದರೆ ಮೊಳೆಯಲು ಮನಸ್ಸು ಮಾಡೀತು. ಧೂಪದ ಬೀಜಕ್ಕೆ ಅಷ್ಟು ಪುರುಸೊತ್ತಿಲ್ಲ, ಬಿದ್ದ ಕೆಲವೇ ದಿನಗಳಲ್ಲಿ ಮಣ್ಣು ಸೇರದಿದ್ದರೆ ಸತ್ತಿತು. ಇನ್ನು ಯಾವ ಮರದ ಬೀಜ? ರಸ್ತೆ ಬದಿಯ ಸೊಟ್ಟ ಮರದಡಿ ಹೆಕ್ಕಿ ಬುಟ್ಟಿ ತುಂಬಿಸಿದರೂ ಕೂಲಿ ಅಷ್ಟೇ. ತುಳಸಜ್ಜಿ ಕಾಡೊಳಗೆ ಹೋಗಿ ತಾಯಿಮರ ಹುಡುಕುತ್ತಿದ್ದರು. ಅರಣ್ಯಾಧಿಕಾರಿ ಯಲ್ಲಪ್ಪ ರೆಡ್ಡಿಯವರು ಮೆಚ್ಚಿದ್ದು ಆ ಕಣ್ಣನ್ನು.

ಆಕೆ ನೆಟ್ಟ ಗಿಡ ಮೂವತ್ತು ಸಾವಿರವೋ ಲಕ್ಷವೋ ಎಂದು ಪತ್ರಿಕೆಗಳು ಒಂದೊಂದು ಲೆಕ್ಕ ಬರೆದವು. ಯಾರು ಎಣಿಸಿದರೋ! ನನಗೆ ಆ ಅಂಕಿಗಿಂತ ಬೇರೊಂದು ಅಂಕಿ ದೊಡ್ಡದು: ಸುಮಾರು 35 ವರ್ಷ ಮಸ್ಟರ್ ರೋಲಿನ ದಿನಗೂಲಿ, ಆಮೇಲೆ 15 ವರ್ಷ ಕಾಯಂ ನೌಕರಿ. ‘ಕಾಡಿನ ವಿಶ್ವಕೋಶ’ ಎಂದು ಊರೆಲ್ಲ ಹೊಗಳುವ ತಿಳಿವಳಿಕೆ ಬಹುಪಾಲು ಬೆಳೆದದ್ದು ಮಸ್ಟರ್ ರೋಲಿನ ಕಾಲದಲ್ಲೇ. ವಿಶ್ವಕೋಶಕ್ಕೆ ದಿನಗೂಲಿ ಕೊಟ್ಟ ಸರಕಾರ ನಮ್ಮದು.

2020ರ ಪದ್ಮಶ್ರೀ ಪಟ್ಟಿಯಲ್ಲಿ ಹೆಸರು ಬಂತು. ಕೊರೊನಾದಿಂದ ತಡವಾಗಿ, 2021ರ ನವೆಂಬರಿನಲ್ಲಿ, ರಾಷ್ಟ್ರಪತಿ ಭವನದ ಜಮಖಾನೆಯ ಮೇಲೆ ಬರಿಗಾಲಲ್ಲಿ, ಹಾಲಕ್ಕಿ ಸೀರೆ ಮಣಿಸರದಲ್ಲೇ ನಡೆದರು. ದೇಶ ಆ ಬರಿಗಾಲು ನೋಡಿ ಬೆರಗಾಯಿತು. ನಮಗೇನೂ ಅನಿಸಲಿಲ್ಲ, ಅಂಕೋಲೆ ಸಂತೆಗೆ ಬರುವ ಹಾಲಕ್ಕಿ ಅಜ್ಜಿಯರು ಇರುವುದೇ ಹಾಗೆ. ಅದೇ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು, ಹಾಡಿನ ಕಣಜ, ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿದವರು, 2017ರಲ್ಲೇ ಪದ್ಮಶ್ರೀ ಪಡೆದಿದ್ದರು.

ತುಳಸಜ್ಜಿ 2024ರ ಡಿಸೆಂಬರ್ 16ರಂದು ಹೊನ್ನಳ್ಳಿಯ ಮನೆಯಲ್ಲಿ ತೀರಿಕೊಂಡರು. ಎರಡು ತಿಂಗಳು ತುಂಬುವ ಮೊದಲೇ, ಫೆಬ್ರವರಿ 13ಕ್ಕೆ, ಸುಕ್ರಜ್ಜಿಯೂ ಹೋದರು. ಅವರಿಬ್ಬರ ಸಮುದಾಯವಾದ ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಬೇಕೆಂಬ ಹಳೆಯ ಬೇಡಿಕೆ ಆಗಲೂ ಬಾಕಿಯೇ ಇತ್ತು.