ಕಡಲಾಚೆಗೆ ಬಂದ ಕನ್ನಡದ ಸ್ವರ



ಕ್ಲಾಂಗ್ ಬಂದರಿಗೆ ಹೋಗಿ ನಿಂತರೆ ಇಂದು ಕಣ್ಣಿಗೆ ಬೀಳುವುದು ಮುಗಿಲೆತ್ತರದ ಕ್ರೇನುಗಳು, ಬೆಟ್ಟದಂತೆ ಒಟ್ಟಿದ ಕಂಟೇನರುಗಳು. ಮದರಾಸಿನಿಂದ ಜನರನ್ನು ತುಂಬಿಕೊಂಡು ಬರುತ್ತಿದ್ದ ಹಡಗುಗಳು ಮಾತ್ರ ಈಗ ಕಾಣಸಿಗುವುದಿಲ್ಲ. 1901ರಲ್ಲಿ ಈ ಬಂದರು ತೆರೆದಾಗ ಬ್ರಿಟಿಷ್ ಅಧಿಕಾರಿ ಫ್ರಾಂಕ್ ಸ್ವೆಟೆನ್‌ಹ್ಯಾಮ್ ಅವರ ಹೆಸರನ್ನೇ ಇದಕ್ಕೆ ಇಟ್ಟು ಪೋರ್ಟ್ ಸ್ವೆಟೆನ್‌ಹ್ಯಾಮ್ ಎಂದು ಕರೆದರು. ತೆರೆದ ಕೆಲವೇ ವಾರಗಳಲ್ಲಿ ಮಲೇರಿಯಾ ಹಬ್ಬಿ ಕೆಲಸವೆಲ್ಲ ನಿಂತುಹೋಯಿತು. ಕ್ಲಾಂಗಿನ ವೈದ್ಯರಾಗಿದ್ದ ಮಾಲ್ಕಂ ವಾಟ್ಸನ್ ಅವರು ಜೌಗು ನೆಲದ ನೀರನ್ನು ಬಸಿದು ಹೋಗುವಂತೆ ಮಾಡಿಸಿ ಆ ರೋಗವನ್ನು ಹತೋಟಿಗೆ ತಂದರು. ಈಗಿನ ಹೆಸರು ಬಂದದ್ದು 1972ರಲ್ಲಿ.

1926ರಲ್ಲಿ ಕಟ್ಟಿದ ‘ರಜೂಲಾ’ ಎಂಬ ಹಡಗು ಮದರಾಸು, ನಾಗಪಟ್ಟಣ, ಪಿನಾಂಗ್, ಈ ನಮ್ಮ ಬಂದರು ಮತ್ತು ಸಿಂಗಪುರಗಳ ನಡುವೆ 1973ರವರೆಗೂ ಓಡಾಡಿತು. ಆಮೇಲೆ ಬಂದ ‘ಚಿದಂಬರಂ’ ಹಡಗು 1985ರ ಫೆಬ್ರವರಿಯಲ್ಲಿ ಬೆಂಕಿಗೆ ತುತ್ತಾಯಿತು. ಅದರೊಡನೆ ಮದರಾಸಿನ ಹಡಗುಯಾನದ ಕಾಲವೂ ಮುಗಿಯಿತು. ಆ ಹಡಗುಗಳಿಂದ ಇಳಿದವರಲ್ಲಿ ತಮಿಳರೇ ಹೆಚ್ಚು. ತೆಲುಗರೂ ಮಲೆಯಾಳಿಗಳೂ ಇದ್ದರು. ಕನ್ನಡಿಗರು ಬೆರಳೆಣಿಕೆಯಷ್ಟು. ಟ್ರಂಕು, ಹಾಸಿಗೆ ಸುರುಳಿ, ಉಪ್ಪಿನಕಾಯಿ ಭರಣಿ ಎಲ್ಲವನ್ನೂ ಸುಂಕದವರು ಬಿಚ್ಚಿ ನೋಡಬಹುದಿತ್ತು. ಗಂಟಲಿನೊಳಗೆ ಬಂದ ಹಾಡಿಗೆ ಮಾತ್ರ ತಪಾಸಣೆಯೂ ಇರಲಿಲ್ಲ, ಸುಂಕವೂ ಇರಲಿಲ್ಲ.

ಆ ಹಾಡಿನ ಕಥೆಯನ್ನು ಈ ಸ್ಮರಣ ಸಂಚಿಕೆಯಲ್ಲಿ ನೆನೆಯಲು ಒಂದು ಕಾರಣವಿದೆ. ನಮ್ಮ ಸಂಘದ ವಾರ್ಷಿಕೋತ್ಸವದ ತಾಲೀಮಿನಲ್ಲಿ ಒಂದು ಸಂಗತಿಯನ್ನು ನಾವೆಲ್ಲ ಗಮನಿಸಿದ್ದೇವೆ. ನಮ್ಮ ಮಕ್ಕಳು ದೇವರನಾಮವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಹಾಡುತ್ತಾರೆ. ಶ್ರುತಿ ತಪ್ಪುವುದಿಲ್ಲ, ತಾಳ ತಪ್ಪುವುದಿಲ್ಲ. ಅರ್ಥವೇನೆಂದು ಕೇಳಿದರೆ ಮಾತ್ರ ನಮ್ಮ ಮುಖ ನೋಡುತ್ತಾರೆ. ‘ಇದು ಗಿಣಿಪಾಠ, ಇದರಿಂದ ಕನ್ನಡ ಉಳಿಯುವುದುಂಟೇ’ ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ನಾವೂ ಬಹುಕಾಲ ಹಾಗೆಯೇ ಭಾವಿಸಿದ್ದೆವು. ಆದರೆ ಸಂಗೀತದ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಬದಲಾಗಿದೆ.

ಮೊದಲು ಪಾಠದಿಂದಲೇ ಆರಂಭಿಸೋಣ. ಕ್ಲಾಂಗ್ ಪಟ್ಟಣದಲ್ಲಿ ನಮ್ಮ ಮಕ್ಕಳಿಗೆ ಸಂಗೀತ ಹೇಳಿಕೊಡುವ ಟೀಚರ್ ತಮಿಳಿನವರು. ಸುಂದರರಾಜ ಪೆರುಮಾಳ್ ದೇವಸ್ಥಾನದ ಉತ್ಸವಗಳಲ್ಲಿ ಹಾಡಿ ಬೆಳೆದವರು. ಅವರ ಮನೆಯ ಚಾಪೆಯ ಮೇಲೆ ಕುಳಿತು ನಮ್ಮ ಮಗು ಕಲಿಯುವ ಮೊದಲ ಪಾಠ ಸರಳೆ ವರಸೆ. ಆಮೇಲೆ ಜಂಟಿ ವರಸೆ, ಅಲಂಕಾರ, ಅನಂತರ ಪಿಳ್ಳಾರಿ ಗೀತೆ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ಸಂಗೀತ ಲೋಕವೆಲ್ಲ ಒಪ್ಪಿಕೊಂಡು ಬಂದಿರುವ ಮಾತು. 1564ರಲ್ಲಿ ಹಂಪೆಯಲ್ಲಿ ಕಣ್ಮುಚ್ಚಿದರೆನ್ನುವ ದಾಸರು ರೂಪಿಸಿದ ಪಾಠವನ್ನು ನಾಲ್ಕೂವರೆ ಶತಮಾನ ಕಳೆದ ಮೇಲೆ ಮಲಾಕ್ಕಾ ಜಲಸಂಧಿಯ ದಡದಲ್ಲಿ ತಮಿಳು ಗುರುವೊಬ್ಬರು ಕನ್ನಡದ ಮಗುವಿಗೆ ತಿರುಗಿ ಒಪ್ಪಿಸುತ್ತಿದ್ದಾರೆ! ತಮಿಳುನಾಡಿನ ತಿರುವೈಯಾರಿನಲ್ಲಿ ಬಾಳಿದ ತ್ಯಾಗರಾಜರು ತಮ್ಮ ತೆಲುಗು ಗೇಯನಾಟಕ ‘ಪ್ರಹ್ಲಾದ ಭಕ್ತಿ ವಿಜಯಂ’ನ ಆರಂಭದಲ್ಲಿ ಪುರಂದರದಾಸರಿಗೆ ನಮಿಸಿದ್ದಾರೆ. ಆ ಋಣವನ್ನು ಕ್ಲಾಂಗಿನ ಈ ಟೀಚರ್ ತಮಗೇ ಅರಿವಿಲ್ಲದಂತೆ ತೀರಿಸುತ್ತಿದ್ದಾರೆ ಎನ್ನಬಹುದು.

ಆ ಪಾಠದ ಜಾಣ್ಮೆಯನ್ನೂ ನೋಡಬೇಕು. ದಾಸರು ಆರಿಸಿದ್ದು ಮಾಯಾಮಾಳವಗೌಳ ರಾಗ. ಸ, ರಿ, ಗ, ಮ ಈ ನಾಲ್ಕರ ನಡುವೆ ಎಷ್ಟೆಷ್ಟು ಅಂತರವಿದೆಯೋ ಪ, ದ, ನಿ, ಸ ಇವುಗಳ ನಡುವೆಯೂ ಅಷ್ಟಷ್ಟೇ ಅಂತರ. ಕೆಳಗಿನ ಅರ್ಧವನ್ನು ಕಲಿತ ಮಗುವಿಗೆ ಮೇಲಿನ ಅರ್ಧ ಆಗಲೇ ಪರಿಚಿತ. ಒಂದೇ ಪಾಠವನ್ನು ಮೊದಲು ವಿಳಂಬದಲ್ಲಿ, ಬಳಿಕ ಅದರ ಎರಡರಷ್ಟು, ನಾಲ್ಕರಷ್ಟು ವೇಗದಲ್ಲಿ ಹಾಡಿಸುತ್ತಾರೆ. ಕೈಯ ತಾಳ ಮಾತ್ರ ಬದಲಾಗಕೂಡದು. ಹೊರಗೆ ಎಷ್ಟೇ ಅವಸರವಿದ್ದರೂ ಒಳಗಿನ ಎಣಿಕೆ ತಪ್ಪದಿರುವುದನ್ನು ಏಳು ವರ್ಷದ ಮಗು ಇಲ್ಲಿ ಕಲಿಯುತ್ತದೆ. ಮುಂದೆ ಹತ್ತು ಹದಿನೈದು ವರ್ಷ ಸಾಧನೆ ಮಾಡಿದವರು ಕಛೇರಿಯಲ್ಲಿ ಆ ಗಳಿಗೆಗೆ ಹೊಳೆದಂತೆ ಕಲ್ಪನಾ ಸ್ವರ ಹಾಕುತ್ತಾರಷ್ಟೆ. ಆ ಕಲ್ಪನೆಯ ಕಚ್ಚಾ ಸಾಮಗ್ರಿಯೂ ಬಾಲ್ಯದ ಅದೇ ವರಸೆಗಳೇ. ಬಾಯಿಪಾಠವೂ ಸೃಜನಶೀಲತೆಯೂ ಎಣ್ಣೆ ಸೀಗೆಕಾಯಿ ಎಂದು ನಾವು ತಿಳಿಯುತ್ತೇವೆ. ಸಂಗೀತದಲ್ಲಿ ಒಂದು ಇನ್ನೊಂದರ ಬೀಜ.

ದಾಸರ ವಿಷಯದಲ್ಲಿ ನಮ್ಮಂಥವರು ನೆನೆಯಬೇಕಾದ ಇನ್ನೊಂದು ಮಾತಿದೆ. ಅವರು ಮೊದಲು ಭಾರಿ ವ್ಯಾಪಾರಿಗಳಾಗಿದ್ದರಂತೆ. ಇದ್ದುದೆಲ್ಲವನ್ನೂ ಬಿಟ್ಟು ತಂಬೂರಿ ಹಿಡಿದು ಮನೆಯಿಂದ ಹೊರಟರು. ನಾವು ಹಾಗಲ್ಲ, ನಾಲ್ಕು ಕಾಸು ಸಂಪಾದಿಸಲೆಂದೇ ಮನೆ ಬಿಟ್ಟು ಹೊರಟವರು! ಆದರೂ ನಮ್ಮ ಜೊತೆ ಬಂದು ಸವೆಯದೆ ಉಳಿದದ್ದು ಅವರ ತಂಬೂರಿಯ ಗಂಟೇ.

ಇನ್ನೊಂದು ಎಳೆ ನಾಟಕದ್ದು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಪಾರ್ಸಿ ನಾಟಕ ಕಂಪನಿಗಳು ಊರೂರು ಸುತ್ತುತ್ತಿದ್ದವು. ಮೈಸೂರಿನಲ್ಲಿ ಅವುಗಳ ವೈಭವವನ್ನು ಕಂಡ ಚಾಮರಾಜೇಂದ್ರ ಒಡೆಯರು ಕನ್ನಡದಲ್ಲೂ ಅಂಥದು ಬೇಕೆಂದು 1880ರ ದಶಕದಲ್ಲಿ ಅರಮನೆಯ ನಾಟಕ ಮಂಡಳಿಯನ್ನು ಪೋಷಿಸಿದರು. ಗುಬ್ಬಿಯ ಕಂಪನಿ ಹುಟ್ಟಿದ್ದು 1884ರಲ್ಲಿ. ಅದೇ ಕಾಲಕ್ಕೆ ಪಾರ್ಸಿ ಕಂಪನಿಗಳು ಕಡಲು ದಾಟಿ ಪಿನಾಂಗಿಗೂ ಬಂದಿದ್ದವು. ಅವುಗಳ ಆಟವನ್ನು ಕಂಡು ಮಲಯ ಜನ ಕಟ್ಟಿಕೊಂಡ ರಂಗಭೂಮಿಯೇ ‘ಬಂಗ್ಸಾವಾನ್’. ಹೀಗೆ ನಮ್ಮ ಅಜ್ಜಂದಿರು ಗುನುಗುತ್ತಿದ್ದ ರಂಗಗೀತೆಗೂ ನಮ್ಮ ನೆರೆಮನೆಯ ಮಲಯ ಅಜ್ಜ ನೆನೆಯುವ ಬಂಗ್ಸಾವಾನ್ ಹಾಡಿಗೂ ನೆಂಟಸ್ತಿಕೆಯಿದೆ. ಜೊಹೋರ್ ಪ್ರಾಂತದ ಮಲಯ ಗಜಲ್ ಗೋಷ್ಠಿಗಳಲ್ಲಿ ಹಾರ್ಮೋನಿಯಮ್ ಮತ್ತು ತಬಲಾ ಕೇಳಿದಾಗ, ಇದು ನಮ್ಮದೇ ಎಂದು ನಮ್ಮ ಕಿವಿ ನಿಮಿರುವುದು ಸುಮ್ಮನೆ ಅಲ್ಲ.

ಹಾರ್ಮೋನಿಯಮ್ ಎಂದೊಡನೆ ಒಂದು ಮಾತು. ಅದು ಮೂಲತಃ ಯೂರೋಪಿನಿಂದ ಬಂದ ವಾದ್ಯ. ನಮ್ಮ ಸಂಗೀತದ ಗಮಕಗಳನ್ನು ಅದು ನುಡಿಸಲಾರದೆಂದು ಆಕ್ಷೇಪಿಸಿ 1940ರಲ್ಲಿ ಭಾರತದ ರೇಡಿಯೋದಲ್ಲಿ ಅದನ್ನು ನಿಷೇಧಿಸಿದ್ದರು. ಮೂರು ದಶಕ ಕಳೆದ ಮೇಲಷ್ಟೇ ಆ ನಿರ್ಬಂಧ ಸಡಿಲವಾಯಿತು. ಇಂದು ಹಾರ್ಮೋನಿಯಮ್ ಇಲ್ಲದ ಭಜನಾ ಮಂದಿರ ಎಲ್ಲಿದೆ? ಕೆಲ ಕಾಲದ ಹಿಂದೆ ನಮ್ಮ ಸಂಘದ ಹುಡುಗನೊಬ್ಬ ದೇವರನಾಮಕ್ಕೆ ತನ್ನ ಶಾಲೆಯಲ್ಲಿ ಕಲಿತ ಮಲಯ ‘ಕೊಂಪಾಂಗ್’ ಬಾರಿಸಿದಾಗ ನಮ್ಮಲ್ಲಿ ಕೆಲವರು ಮುಖ ಗಂಟಿಕ್ಕಿದೆವು. ಆಗ ಈ ಹಾರ್ಮೋನಿಯಮ್ಮಿನ ಕಥೆ ನಮಗೆ ನೆನಪಾಗಲಿಲ್ಲ. ಆ ಹುಡುಗ ಮುಂದಿನ ವರ್ಷ ವೇದಿಕೆ ಹತ್ತಲಿಲ್ಲ. ಅದು ನಮ್ಮ ತಪ್ಪೆಂದು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಹಾಡು ಹಳೆಯದನ್ನು ನೆನಪಿಸುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಇನ್ನೂ ಆಗದಿರುವುದನ್ನೂ ಅದು ಮನಸ್ಸಿನಲ್ಲಿ ನೆಲೆಗೊಳಿಸಬಲ್ಲದು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದಾಗ ಹುಯಿಲಗೋಳ ನಾರಾಯಣರಾಯರು ಬರೆದ ನಾಡಿನ ಗೀತೆಯನ್ನು ಅಲ್ಲಿ ಹಾಡಿದರು. ಆಗ ಕನ್ನಡನಾಡು ಎಂಬುದು ಭೂಪಟದಲ್ಲಿ ಇರಲೇ ಇಲ್ಲ. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ನಾಡು ಒಂದಾದದ್ದು 1956ರ ನವೆಂಬರ್ 1ರಂದು, ಅಂದರೆ ಸುಮಾರು ಮೂವತ್ತೆರಡು ವರ್ಷಗಳ ಅನಂತರ. ಅಷ್ಟು ವರ್ಷವೂ ಶಾಲೆಯ ಮಕ್ಕಳು, ಸಭೆಯ ಜನ ಇಲ್ಲದ ನಾಡನ್ನು ಹಾಡುತ್ತಾ ಹಾಡುತ್ತಾ ಅದು ಇದ್ದೇ ತೀರಬೇಕೆಂಬ ಹಂಬಲವನ್ನು ಬೆಳೆಸಿಕೊಂಡರು.

ಆಮೇಲೆ ಬಂದದ್ದು ಭಾವಗೀತೆಯ ಕಾಲ. ಪಿ. ಕಾಳಿಂಗರಾಯರು ಕವಿಗಳ ಸಾಲುಗಳನ್ನು ಮನೆಮನೆಯ ಮಾತಾಗಿಸಿದರು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಹೊರಬಂತು. ಕ್ಯಾಸೆಟ್ಟು ನಮ್ಮಂಥ ಹೊರನಾಡಿನವರಿಗೆ ವರವಾಯಿತು. ಕ್ಲಾಂಗಿನ ತೆಂಕು ಕೆಲಾನಾ ರಸ್ತೆಯ ಅಂಗಡಿಗಳಲ್ಲಿ ತಮಿಳು ಚಿತ್ರಗೀತೆಗಳು ಬೇಕಾದಷ್ಟು ಸಿಗುತ್ತಿದ್ದವು, ಕನ್ನಡ ಸಿಗುತ್ತಿರಲಿಲ್ಲ. ಊರಿಗೆ ಹೋದವರು ತಂದ ಒಂದು ಕ್ಯಾಸೆಟ್ಟು ಹತ್ತು ಮನೆ ಸುತ್ತಿ, ಹತ್ತು ಪ್ರತಿಯಾಗಿ, ಟೇಪು ಸಿಕ್ಕಿಕೊಂಡಾಗ ಪೆನ್ಸಿಲ್ ತೂರಿಸಿ ತಿರುಗಿಸಿಕೊಂಡು ಕೊನೆಗೆ ಗೊರಗೊರ ಎನ್ನುವವರೆಗೂ ಹಾಡುತ್ತಿತ್ತು. ಇಂದು ಮೊಬೈಲಿನಲ್ಲಿ ಸಾವಿರ ಹಾಡು ಸಿಗುತ್ತವೆ. ಆದರೆ ಆ ಗೊರಗೊರವನ್ನೂ ಸೇರಿಸಿಯೇ ಹಾಡನ್ನು ನೆನಪಿಟ್ಟುಕೊಂಡವರು ನಾವು.

ಹಾಡಿನೊಡನೆ ನೆನಪು ಎಷ್ಟು ಬಿಗಿಯಾಗಿ ಹೆಣೆದುಕೊಂಡಿರುತ್ತದೆ ಎಂಬುದಕ್ಕೆ ನಾಡಗೀತೆಯ ಪ್ರಸಂಗವೇ ಸಾಕ್ಷಿ. ಕುವೆಂಪು ಅವರ ಗೀತೆಯನ್ನು 2004ರಲ್ಲಿ ಕರ್ನಾಟಕದ ನಾಡಗೀತೆಯೆಂದು ಸರ್ಕಾರ ಸಾರಿತು. ಪದಗಳ ಬಗೆಗಿನ ಮಾತು ಮುಗಿದರೂ ಯಾವ ಧಾಟಿಯಲ್ಲಿ ಹಾಡಬೇಕೆಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಮೈಸೂರು ಅನಂತಸ್ವಾಮಿಯವರ ಧಾಟಿ ಎಂದರು ಕೆಲವರು, ಸಿ. ಅಶ್ವತ್ಥ್ ಅವರದು ಎಂದರು ಇನ್ನು ಕೆಲವರು. ಕೊನೆಗೆ 2022ರಲ್ಲಿ ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ಸರ್ಕಾರ ನಿಗದಿಪಡಿಸಿತು. ಕವಿತೆ ಒಂದೇ ಆಗಿರುವಾಗ ಈ ಹಟವೇಕೆ ಎಂದು ಕೇಳಬಹುದು. ಪ್ರತಿಯೊಬ್ಬರಿಗೂ ತಾವು ಮೊದಲು ಕೇಳಿ ಒಲಿದ ಧಾಟಿಯಲ್ಲಿಯೇ ತಮ್ಮ ನಾಡು ಇರುತ್ತದೆ.

ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಮುಪ್ಪಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮರಳುತ್ತವೆ ಎಂದು ಮನಶ್ಶಾಸ್ತ್ರದ ಸಂಶೋಧಕರು ಹೇಳುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಊರು ಬಿಟ್ಟದ್ದು ಇಪ್ಪತ್ತರಿಂದ ಮೂವತ್ತರೊಳಗೆ. ಆದುದರಿಂದಲೇ ನಮ್ಮ ಕನ್ನಡನಾಡು ನಾವು ವಿಮಾನ ಹತ್ತಿದ ವರ್ಷದ ಹಾಡಿನಲ್ಲೇ ನಿಂತುಬಿಟ್ಟಿದೆ. ಮರೆವಿನ ಕಾಯಿಲೆ ಬಂದವರಲ್ಲಿ ಉಳಿದ ನೆನಪು ಮಾಸಿದರೂ ಹಳೆಯ ಹಾಡಿನ ನೆನಪು ಎಷ್ಟೋ ಕಾಲ ಉಳಿಯುತ್ತದೆ ಎಂಬುದನ್ನೂ ವೈದ್ಯರು ಕಂಡುಕೊಂಡಿದ್ದಾರೆ.

ಈ ಮಾತನ್ನು ನಾವು ಪುಸ್ತಕದಿಂದ ಕಲಿಯಬೇಕಾಗಲಿಲ್ಲ. ನಮ್ಮ ಮನೆಗಳಲ್ಲೇ ಒಂದು ಮನೆಗೆ ಮೈಸೂರಿನಿಂದ ಬಂದಿದ್ದ ಅಜ್ಜಿಗೆ ಆಗಲೇ ಮರೆವು ಕವಿದಿತ್ತು. ಮೊಮ್ಮಗಳ ಹೆಸರು ಬಾಯಿಗೆ ಬರುತ್ತಿರಲಿಲ್ಲ. ‘ನೀನು ಯಾರ ಮಗಳಮ್ಮಾ?’ ಎಂದು ದಿನಕ್ಕೆ ನಾಲ್ಕು ಸಲ ಕೇಳುವರು. ಒಂದು ಸಂಜೆ ಮಗು ಸಂಗೀತದ ಅಭ್ಯಾಸಕ್ಕೆ ಕುಳಿತು ದೇವರನಾಮದ ಪಲ್ಲವಿ ಹಾಡಿ ಚರಣದಲ್ಲಿ ತಡವರಿಸಿತು. ಮೂಲೆಯ ಕುರ್ಚಿಯಿಂದ ಅಜ್ಜಿ ಆ ಚರಣವನ್ನು ಎತ್ತಿಕೊಂಡು ಕೊನೆಯ ಅಂಕಿತದವರೆಗೂ ಒಂದಕ್ಷರ ತಪ್ಪದೆ ಹಾಡಿ ಮುಗಿಸಿದರು. ಮತ್ತೆ ‘ನೀನು ಯಾರ ಮಗಳಮ್ಮಾ?’ ಎಂದರು. ಆ ಮಗುವನ್ನೇ ಮುಂದೆ ನಮ್ಮ ವೇದಿಕೆಯ ಬಳಿ ಅತಿಥಿಗಳೊಬ್ಬರು ‘ಈ ಹಾಡಿನ ಅರ್ಥ ಗೊತ್ತೇನಮ್ಮಾ?’ ಎಂದು ಕೇಳಿದರು. ‘ಗೊತ್ತಿಲ್ಲ ಅಂಕಲ್, ಇದು ನಮ್ಮ ಅಜ್ಜಿ ಹಾಡು’ ಎಂದಿತು ಮಗು. ಅಜ್ಜಿ ಆಗ ಇರಲಿಲ್ಲ. ನಾವು ಯಾರೂ ಗಿಣಿಪಾಠ ಎಂಬ ಮಾತನ್ನು ಆ ಮೇಲೆ ಆಡಲಿಲ್ಲ.

ಹಾಗೆಂದು ಅರ್ಥ ಬೇಡವೆಂದಲ್ಲ. ಮೊದಲು ಸ್ವರ ಬಂದಿದೆ, ಅದರ ಹಿಂದೆ ಅರ್ಥ ಬರಬೇಕು. ಅದನ್ನು ಕೊಡುವ ಹೊಣೆ ಟೀಚರದಲ್ಲ, ನಮ್ಮದು. ಪ, ಫ, ಬ, ಭ ನಾಲ್ಕಕ್ಕೂ ತಮಿಳು ಲಿಪಿಯಲ್ಲಿ ಒಂದೇ ಅಕ್ಷರ. ಇಂಗ್ಲಿಷ್ ಲಿಪಿಯಲ್ಲಿ ಲ, ಳಗಳಿಗೆ ಬೇರೆ ಬೇರೆ ಅಕ್ಷರವಿಲ್ಲ. ಅಲ್ಲಿ ತೊಡರುವ ನಾಲಗೆಯನ್ನು ಮನೆಯಲ್ಲಿ ನಾವು ತಿದ್ದಬೇಕು. ವಾರಕ್ಕೆ ಒಂದು ಹಾಡು, ಅದರ ನಾಲ್ಕು ಪದಗಳ ಅರ್ಥ, ಅಷ್ಟಾದರೂ ಸಾಕು. ಕ್ವಾಲಾಲಂಪುರದ ‘ಟೆಂಪಲ್ ಆಫ್ ಫೈನ್ ಆರ್ಟ್ಸ್’ 1981ರಿಂದ ಜಾತಿ ಭಾಷೆಗಳನ್ನು ಎಣಿಸದೆ ಮಕ್ಕಳಿಗೆ ಸಂಗೀತ ನೃತ್ಯಗಳನ್ನು ಕಲಿಸುತ್ತಾ ಬಂದಿದೆ. ಅಲ್ಲಿ ಕಲಿತ ನಮ್ಮ ಹುಡುಗಿಯರು ಕನ್ನಡದ ಹಾಡಿಗೆ ಹೊಸ ಹೆಜ್ಜೆ ಹಾಕಿದರೆ ಅದನ್ನು ಹರಸೋಣ. ನಮ್ಮ ಹಿರಿಯರು ಬಲ್ಲ ಸೋಬಾನೆ, ಬೀಸುವ ಪದ, ಜೋಗುಳಗಳನ್ನು ಅವರ ಕಂಠದಲ್ಲೇ ಮೊಬೈಲಿನಲ್ಲಿ ಹಿಡಿದಿಡೋಣ. ಕಂಠ ಹೋದ ಮೇಲೆ ಹುಡುಕಿ ಫಲವಿಲ್ಲ.

ಕೊಂಪಾಂಗ್ ಬಾರಿಸಿದ ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ಈ ಸಲದ ಉತ್ಸವಕ್ಕೆ ಅವನನ್ನು ಸಂಘದ ಪರವಾಗಿ ನಾವೇ ಮನೆಗೆ ಹೋಗಿ ಕರೆದು ಬಂದಿದ್ದೇವೆ. ‘ಹಾರ್ಮೋನಿಯಮ್ ಜೊತೆಗೇ ನುಡಿಸಲಾ?’ ಎಂದು ಕೇಳಿದ. ಆಗಲಪ್ಪಾ ಎಂದಿದ್ದೇವೆ. ಆ ಅಜ್ಜಿಯ ಮೊಮ್ಮಗಳು ಹಾಡುತ್ತಾಳೆ. ಎಲ್ಲರೂ ಸಕುಟುಂಬ ಬಂದು ಕೇಳಿ, ಮಕ್ಕಳನ್ನು ಹರಸಬೇಕಾಗಿ ವಿನಂತಿ.