ಹಾಡು ಕಲೆಸೋದು ಮತ್ತು ಹಡಗಲಿಯ ರಾಯರು

ಮೊನ್ನೆ ಭಾನುವಾರ ನಾಗಸಂದ್ರದ ರೂಮಲ್ಲಿ ಕೂತು ಅಮ್ಮನಿಗೊಂದು ವೆಬ್ ಪುಟ ಮಾಡಿದೆ. 40 ಹಾಡು, ಒಂದೇ ಬಟನ್. ಮರುದಿನವೇ ಊರಿಂದ ಫೋನು: "ಏನೋ ಇದು, ಒಂದೇ ಹಾಡು ಮೂರು ಸಲ ಬಂತು, ನಂಗೆ ಬೇಕಾದ್ದು ಬರಲೇ ಇಲ್ಲ!"

ದೂರು ಸರಿಯಾಗೇ ಇತ್ತು. ನನ್ನ ಕೋಡ್ ಎತ್ತಿದ ಚೀಟೀನ ಮತ್ತೆ ಡಬ್ಬಿಗೇ ಹಾಕುತ್ತಿತ್ತು. ಹಾಗೆ 40 ಸಲ ಎತ್ತಿದರೆ ಸರಾಸರಿ 14-15 ಹಾಡು ಬರೋದೇ ಇಲ್ಲ. ಇಸ್ಪೀಟಿನ ಹಾಗೆ ಮೊದಲೇ ಕಲೆಸಿಟ್ಟುಕೊಳ್ಳಬೇಕು.

ಈ ವಿದ್ಯೆ ಹುಟ್ಟಿದ್ದು ಹಾಡಿಗಾಗಿ ಅಲ್ಲ ನೋಡಿ. 1938ರಲ್ಲಿ ಫಿಶರ್ ಮತ್ತು ಯೇಟ್ಸ್, ಹೊಲದ ಪ್ರಯೋಗ ಮಾಡುವವರಿಗೂ ಆಗಲಿ ಅಂತ, ಪೆನ್ಸಿಲ್ಲು ಕಾಗದದಲ್ಲಿ ಕಲೆಸುವ ರೀತಿ ಕೊಟ್ಟರು. 1964ರಲ್ಲಿ ಡರ್ಸ್ಟನ್‌ಫೆಲ್ಡ್ ಅದನ್ನು ಕಂಪ್ಯೂಟರಿಗೆ ಒಗ್ಗಿಸಿದ. ಈಗ ಎಲ್ಲರೂ ಬರೆಯೋದು ಹೆಚ್ಚಾಗಿ ಅದನ್ನೇ.

ನಡುವೆ, 1961ರಲ್ಲಿ, ಇನ್ನೊಂದು ರೀತಿ ಕೊಟ್ಟವರು ಸಿ. ಆರ್. ರಾವ್. ಫಿಶರ್ ಅವರ ಶಿಷ್ಯರು, ತೆಲುಗು ಮನೆಯವರು, ಆದರೆ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ! ಇಂಜಿನಿಯರಿಂಗಲ್ಲಿ 'ಕ್ರಾಮರ್-ರಾವ್' ಅಂತ ಓದಿದ್ದೆ, ಆ ರಾವ್ ಇವರೇ ಅಂತ ಗೊತ್ತಿರಲಿಲ್ಲ :) 2023ರಲ್ಲಿ, 102ನೇ ವಯಸ್ಸಲ್ಲಿ ತೀರಿಕೊಂಡರು.

ರಾಯರ ರೀತಿ ಬಲು ಸರಳ. ಪ್ರತಿ ಹಾಡಿಗೂ 0ಯಿಂದ 9ರೊಳಗೆ ಯಾವುದೋ ಒಂದು ಅಂಕಿ ಕೊಡಿ. ಅಂಕಿಗೊಂದರಂತೆ ಹತ್ತು ಗುಡ್ಡೆ. ಒಂದಕ್ಕಿಂತ ಹೆಚ್ಚು ಹಾಡಿರುವ ಗುಡ್ಡೆಯನ್ನು ಮತ್ತೆ ಹಾಗೇ ಒಡೆಯಿರಿ. ಎಲ್ಲ ಒಂಟಿಯಾದ ಮೇಲೆ ಸಾಲಾಗಿ ಜೋಡಿಸಿ.

ಡರ್ಸ್ಟನ್‌ಫೆಲ್ಡ್‌ದು ನಾಲ್ಕೈದು ಸಾಲಲ್ಲಿ ಮುಗಿಯುತ್ತೆ. ಆದರೂ ಅಮ್ಮನ ಪುಟಕ್ಕೆ ರಾಯರದ್ದನ್ನೇ ಹಾಕಿದೆ. ರಾತ್ರಿ ಮತ್ತೆ ಫೋನು: "ಈಗ ಸರಿಯಾಯ್ತು ಬಿಡೋ. ಊಟ ಆಯ್ತಾ?"